ಹೈಬ್ರಿಡ್ ಕಾರಿಗೆ ಒಬಿಡಿ ಮೀಟರ್: ಪೆಟ್ರೋಲ್ ಎಲ್ಲಿ ಹೋಗ್ತಿದೆ ಅಂತ ಹುಡುಕಿದ್ದು

ಹೈಬ್ರಿಡ್ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಚಿತ್ರಗಳಿಗೇನೂ ಬರ ಇಲ್ಲ. ಚಕ್ರದಿಂದ ಬ್ಯಾಟರಿಗೆ ಒಂದು ಬಾಣ, ಬ್ಯಾಟರಿಯಿಂದ ಮೋಟರ್‌ಗೆ ಇನ್ನೊಂದು ಬಾಣ, ಮೆಲ್ಲಗೆ ಓಡಿಸಿದರೆ ಹಸಿರು ಪಟ್ಟಿ. ನೋಡೋಕೆ ಚೆಂದ. ಆದರೆ ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಎಷ್ಟು ಬಿಸಿಯಾಗಿದೆ? ಈಗ ಗಂಟೆಗೆ ಎಷ್ಟು ಲೀಟರ್ ಲೆಕ್ಕದಲ್ಲಿ ಪೆಟ್ರೋಲ್ ಉರಿಯುತ್ತಿದೆ? ಬ್ಯಾಟರಿಗೆ ಎಷ್ಟು ಆಂಪಿಯರ್ ಹೋಗುತ್ತಿದೆ? ಬೇಕಾದ ಈ ಅಂಕಿಗಳು ಮಾತ್ರ ಅಲ್ಲಿಲ್ಲ.

ನನ್ನದು ಮೂರನೇ ತಲೆಮಾರಿನ ಟೊಯೋಟಾ ಪ್ರಿಯಸ್, 1.8 ಲೀಟರ್ ಎಂಜಿನ್. ಓಡಿಸುವುದಕ್ಕೆ ಏನೂ ತಕರಾರಿಲ್ಲ. ತಲೆ ಕೆಡಿಸಿದ್ದು ಮೈಲೇಜ್. ಅದೇ ದಾರಿ, ಅದೇ ಡ್ರೈವರ್. ಒಂದು ದಿನ ಲೀಟರಿಗೆ 22 ಕಿ.ಮೀ. ಕೊಡುತ್ತೆ, ಇನ್ನೊಂದು ದಿನ 17ಕ್ಕೆ ಇಳಿಯುತ್ತೆ. ಯಾಕೆ ಅಂತ ಡ್ಯಾಶ್‌ಬೋರ್ಡ್ ಹೇಳಲ್ಲ. ಹೇಳುವ ಜಾಗ ಸ್ಟಿಯರಿಂಗ್ ಕೆಳಗಿದೆ, ಮೊಣಕಾಲಿನ ಹತ್ತಿರ: 16 ಪಿನ್ನಿನ ಒಬಿಡಿ ಸಾಕೆಟ್, ಅಂದರೆ ಕಾರಿನ ದೋಷ ಪತ್ತೆ ಮಾಡುವ ಸಾಕೆಟ್.

ಈ ಸಾಕೆಟ್ ಮೆಕ್ಯಾನಿಕ್‌ಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರುಗಳಲ್ಲೂ ಇದು ಕಡ್ಡಾಯ. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ಉದ್ದೇಶ ಹೊಗೆ ನಿಯಂತ್ರಣ. ಆದರೆ ಎಂಜಿನ್ ಕಂಪ್ಯೂಟರ್ ನೋಡುವ ಅಂಕಿಗಳನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಪ್ರತಿ ಅಂಕಿಗೂ ಒಂದು ಕೋಡ್ ಇದೆ. 05 ಅಂತ ಕೇಳಿದರೆ ಕೂಲೆಂಟ್ ಬಿಸಿ, 0ಸಿ ಅಂದರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು), 0ಡಿ ಅಂದರೆ ವೇಗ, 10 ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ತೂಕ. ಬ್ಯಾಟರಿ ವಿಷಯ ಮಾತ್ರ ಈ ಪಟ್ಟಿಯಲ್ಲಿ ಪೂರ್ತಿ ಸಿಗಲ್ಲ. ಅದಕ್ಕೆ ಆಯಾ ಕಂಪನಿಯ ಬೇರೆ ಕೋಡ್‌ಗಳು ಬೇಕು. ಈ ಸಾಕೆಟ್‌ಗೆ ಚುಚ್ಚಿ ಅಂಕಿ ನೋಡುವ ಮೀಟರ್‌ಗಳು ಸಿಗುತ್ತವೆ. ಆ ಕೋಡ್‌ಗಳನ್ನು ಕೈಯಿಂದ ತುಂಬಿಸಿಕೊಳ್ಳಲು ಬಿಡುವ ಮೀಟರ್ ಇದ್ದರೇ ಹೈಬ್ರಿಡ್‌ಗೆ ಪ್ರಯೋಜನ. ಕೊಳ್ಳುವ ಮುಂಚೆ ಈ ಒಂದು ವಿಷಯ ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ನಾನು ತೆಗೆದುಕೊಂಡಿದ್ದು ಸ್ಕ್ಯಾನ್‌ಗೇಜ್ ತರಹದ್ದು. ಅಂಗೈಗಿಂತ ಚಿಕ್ಕ ಡಬ್ಬಿ, ಒಂದು ಕೇಬಲ್, ಸ್ಕ್ರೀನ್ ಮೇಲೆ ಏಕಕಾಲಕ್ಕೆ ನಾಲ್ಕು ಅಂಕಿ. ಬ್ಲೂಟೂತ್ ಡಾಂಗಲ್ ಚುಚ್ಚಿ ಫೋನಿನಲ್ಲೂ ನೋಡಬಹುದು. ಮೊದಲ ಸಲ ಸುಮ್ನೆ ಕುತೂಹಲಕ್ಕೆ ನೋಡುವವರಿಗೆ ಅದೇ ಸಾಕು. ದಿನಾ ನೋಡೋಕೆ ನನಗೆ ಫೋನ್ ಸರಿಬರಲ್ಲ. ಕರೆ ಬರುತ್ತೆ, ಮ್ಯಾಪ್ ಬೇಕಾಗುತ್ತೆ, ಬಿಸಿಲಿಗೆ ಸ್ಕ್ರೀನ್ ಮಂಕಾಗುತ್ತೆ, ಡಾಂಗಲ್ ಅರ್ಧ ದಾರಿಯಲ್ಲಿ ಕೈಕೊಡುತ್ತೆ. ಕೇಬಲ್ ಇರುವ ಮೀಟರ್ ಕಾರು ಆನ್ ಆದ ಕೂಡಲೇ ಎದ್ದು ಕೂರುತ್ತೆ.

ಕೂರಿಸಿದ್ದು

ಚುಚ್ಚುವುದು ಕ್ಷಣದ ಕೆಲಸ. ಸಮಯ ತಿನ್ನುವುದು ಕೇಬಲ್‌ಗೆ ದಾರಿ ಮಾಡುವುದು. ಮೊದಲ ನಿಯಮ: ಪೆಡಲ್ ಹತ್ತಿರ ಒಂದಿಂಚು ಕೇಬಲ್ ಕೂಡ ಜೋತು ಬೀಳಬಾರದು. ಬ್ರೇಕ್ ಒತ್ತುವ ಕಾಲಿಗೆ ತೊಡರಿದರೆ ಉಳಿಸಿದ ಪೆಟ್ರೋಲ್ ಯಾವ ಲೆಕ್ಕಕ್ಕೂ ಬರಲ್ಲ. ಎರಡನೆಯದು ಏರ್‌ಬ್ಯಾಗ್. ಸ್ಟಿಯರಿಂಗ್ ಒಳಗೆ ಇರುವುದು ಎಲ್ಲರಿಗೂ ಗೊತ್ತು. ಮುಂದಿನ ಗಾಜಿನ ಪಕ್ಕದ ಕಂಬದ ಒಳಗೂ ಇರಬಹುದು, ಕೆಲವು ಕಾರುಗಳಲ್ಲಿ ಮೊಣಕಾಲಿನ ಮುಂದೂ ಇರುತ್ತೆ. ಆ ಪ್ಯಾನಲ್‌ಗಳ ಮೇಲೆ ಮೀಟರ್ ಅಂಟಿಸಬೇಡಿ, ಅವುಗಳ ಸಂದಿಯಲ್ಲಿ ಕೇಬಲ್ ತುರುಕಬೇಡಿ. ನಾನು ಡ್ಯಾಶ್‌ಬೋರ್ಡ್ ಅಂಚಿನ ಸಂದಿಯಲ್ಲಿ ಕೇಬಲ್ ಹಾಯಿಸಿ, ಮೂರು ಕಡೆ ಜಿಪ್ ಟೈ ಹಾಕಿ, ಮೀಟರ್ ಅನ್ನು ಸ್ಟಿಯರಿಂಗ್‌ನ ಎಡಕ್ಕೆ ವೆಲ್‌ಕ್ರೋದಲ್ಲಿ ಅಂಟಿಸಿದೆ. ರಸ್ತೆಯಿಂದ ಕಣ್ಣು ಹೆಚ್ಚು ಕೆಳಗೆ ಇಳಿಸದೆ ಕಾಣಬೇಕು, ಆದರೆ ರಸ್ತೆಗೆ ಅಡ್ಡ ಬರಬಾರದು. ವೆಲ್‌ಕ್ರೋ ಅಂಟಿಸುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಇಲ್ಲದಿದ್ದರೆ ಬಿಸಿಲಿಗೆ ಉದುರುತ್ತೆ.

ಸೆಟ್ಟಿಂಗ್‌ನಲ್ಲಿ ಎಂಜಿನ್ ಗಾತ್ರ, ಟ್ಯಾಂಕ್ ಗಾತ್ರ, ಇಂಧನದ ಬಗೆ ಕೇಳುತ್ತೆ. ಇಂಧನದ ಬಗೆ ಕೇಳಿದಾಗ ಹೈಬ್ರಿಡ್ ಅಂತಲೇ ಕೊಡಿ. ಬರೀ ಪೆಟ್ರೋಲ್ ಅಂತ ಕೊಟ್ಟರೆ ಎಂಜಿನ್ ನಿಂತ ಕೂಡಲೇ ಕಾರು ಆಫ್ ಆಯ್ತು ಅಂದುಕೊಂಡು ಮೀಟರ್ ಮಲಗುತ್ತೆ. ಹೈಬ್ರಿಡ್‌ನಲ್ಲಿ ಪ್ರತಿ ಸಿಗ್ನಲ್‌ಗೂ ಎಂಜಿನ್ ನಿಲ್ಲುತ್ತೆ, ಅಲ್ವಾ.

ಮೀಟರ್ ಲೆಕ್ಕ ಹಾಕುವುದು ಹೇಗೆ

ಪೆಟ್ರೋಲ್ ಎಷ್ಟು ಹೋಯಿತು ಅಂತ ಮೀಟರ್ ನೇರವಾಗಿ ಅಳೆಯಲ್ಲ. ಗಾಳಿಯಿಂದ ಲೆಕ್ಕ ಹಾಕುತ್ತೆ. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಅನ್ನುವುದು ಎಂಜಿನ್ ಕಾಯ್ದುಕೊಳ್ಳುವ ಅನುಪಾತ. ಸೆಕೆಂಡಿಗೆ 10 ಗ್ರಾಂ ಗಾಳಿ ಹೋಗುತ್ತಿದೆ ಅಂದುಕೊಳ್ಳಿ. 14.7ರಿಂದ ಭಾಗಿಸಿದರೆ 0.68 ಗ್ರಾಂ ಪೆಟ್ರೋಲ್. ಗಂಟೆಗೆ ಸುಮಾರು 2,450 ಗ್ರಾಂ. ಒಂದು ಲೀಟರ್ ಪೆಟ್ರೋಲ್ ತೂಕ 745 ಗ್ರಾಂ ಹತ್ತಿರ. ಅಲ್ಲಿಗೆ ಗಂಟೆಗೆ 3.3 ಲೀಟರ್. ಆಗ ಕಾರು 50 ಕಿ.ಮೀ. ವೇಗದಲ್ಲಿದ್ದರೆ ಲೀಟರಿಗೆ 15 ಕಿ.ಮೀ. ಇಷ್ಟೇ ಲೆಕ್ಕ.

ಈ ಲೆಕ್ಕ ತಪ್ಪುವ ಜಾಗಗಳೂ ಇವೆ. ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿದ್ದರೆ ಅನುಪಾತ ಬದಲಾಗುತ್ತೆ. 10 ಶೇಕಡಾ ಎಥನಾಲ್ ಇದ್ದರೆ 14.7ರ ಬದಲು 14.1ರ ಹತ್ತಿರ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಜಾಸ್ತಿ ಬೆರೆಸಿಕೊಳ್ಳುತ್ತೆ, ಆಗ ಮೀಟರ್ ಖರ್ಚನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಇಳಿಜಾರಿನಲ್ಲಿ ಎಂಜಿನ್ ಸುಮ್ನೆ ತಿರುಗುತ್ತಿರುವಾಗ ಗಾಳಿ ಹೋಗುತ್ತೆ, ಪೆಟ್ರೋಲ್ ಹೋಗಲ್ಲ. ಅದಕ್ಕೆ ಮೀಟರ್‌ನಲ್ಲಿ ಕಟ್‌ಆಫ್ ಅಂತ ಬೇರೆ ಸೆಟ್ಟಿಂಗ್ ಇರುತ್ತೆ. ಇದೆಲ್ಲ ಸೇರಿ ಆಗುವ ವ್ಯತ್ಯಾಸವನ್ನು ಟ್ಯಾಂಕ್ ತುಂಬಿಸುವಾಗ ಸರಿ ಮಾಡಿಕೊಳ್ಳಬೇಕು. ಬಂಕ್‌ನ ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮುಂದಿನ ಸಲ ಅದೇ ಪಂಪ್‌ನಲ್ಲಿ ಅದೇ ರೀತಿ ತುಂಬಿಸಿ, ಬಂದ ಲೀಟರ್ ಸಂಖ್ಯೆಯನ್ನು ಮೀಟರ್‌ಗೆ ಕೊಡಿ. ಒಂದೇ ಟ್ಯಾಂಕ್ ನಂಬಬೇಡಿ. 30 ಲೀಟರ್ ತುಂಬುವಾಗ ಪಂಪ್ ಅರ್ಧ ಲೀಟರ್ ಹಿಂದೆ ಮುಂದೆ ನಿಂತರೂ ಲೆಕ್ಕ ಸುಮಾರು 1.7 ಶೇಕಡಾ ಅಲ್ಲಾಡುತ್ತೆ.

ವೇಗವನ್ನೂ ಜಿಪಿಎಸ್ ಜೊತೆ ಹೋಲಿಸಿ ನೋಡಿದೆ. ಕಾರಿನ ಮುಳ್ಳು ನಿಜಕ್ಕಿಂತ ಜಾಸ್ತಿ ತೋರಿಸುವುದು ಸಹಜ. ವಿಶ್ವಸಂಸ್ಥೆಯ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಸ್ವಲ್ಪ ಜಾಸ್ತಿ ತೋರಿಸಬಹುದು. ಒಬಿಡಿಯಿಂದ ಬರುವ ವೇಗ ನನ್ನ ಕಾರಿನಲ್ಲಿ ಜಿಪಿಎಸ್‌ಗೆ ಹೆಚ್ಚು ಹತ್ತಿರ ಇತ್ತು.

ಸ್ಕ್ರೀನಿನ ನಾಲ್ಕು ಕಿಟಕಿಯಲ್ಲಿ ಏನಿಡಬೇಕು

ಎಲ್ಲರೂ ಮೊದಲು ಇಡುವುದು ಕ್ಷಣಕ್ಷಣದ ಮೈಲೇಜ್. ನಾನೂ ಇಟ್ಟೆ, ಬೇಗ ತೆಗೆದೆ. ಹೈಬ್ರಿಡ್ ಕಾರಿನಲ್ಲಿ ಇದರಷ್ಟು ದಾರಿ ತಪ್ಪಿಸುವ ಅಂಕಿ ಇನ್ನೊಂದಿಲ್ಲ. ಎಂಜಿನ್ ನಿಂತು ಬ್ಯಾಟರಿಯಲ್ಲಿ ಓಡುವಾಗ 9999 ಅಂತ ತೋರಿಸುತ್ತೆ. ನೋಡಿ ಖುಷಿಯಾಗುತ್ತೆ. ಆದರೆ ಬ್ಯಾಟರಿ ಓಟ ಕೈಗಡ ಇದ್ದ ಹಾಗೆ. ಆಮೇಲೆ ಎಂಜಿನ್ ಅದನ್ನು ಬಡ್ಡಿ ಸಮೇತ ತೀರಿಸಬೇಕು. ಎಂಜಿನ್ನಿನ ಶಕ್ತಿ ಜನರೇಟರ್‌ನಲ್ಲಿ ಕರೆಂಟ್ ಆಗಿ, ಬ್ಯಾಟರಿಗೆ ಹೋಗಿ, ವಾಪಸ್ ಬಂದು, ಮೋಟರ್‌ನಲ್ಲಿ ಮತ್ತೆ ಓಟವಾಗುವಾಗ ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಬಿಸಿಯಾಗಿ ಸೋರುತ್ತೆ. ಹಾಗೆ ತೀರಿಸುವಾಗ ಮೈಲೇಜ್ ಅಂಕಿ ಪಾತಾಳಕ್ಕೆ ಇಳಿಯುತ್ತೆ. ಖುಷಿ ಪಟ್ಟ ಜಾಗದಲ್ಲಿ ಖುಷಿ ಪಡಬೇಕಿರಲಿಲ್ಲ, ಬೈದುಕೊಂಡ ಜಾಗದಲ್ಲಿ ಬೈದುಕೊಳ್ಳಬೇಕಿರಲಿಲ್ಲ. ಹೀಗಾದರೆ ಅದನ್ನು ನೋಡಿ ಏನು ಕಲಿಯುವುದು?

ನನ್ನ ನಾಲ್ಕು ಕಿಟಕಿ ಹೀಗೆ ನಿಂತವು: ಕೂಲೆಂಟ್ ಬಿಸಿ, ಗಂಟೆಗೆ ಲೀಟರ್, ಬ್ಯಾಟರಿ ಕರೆಂಟ್, ಆರ್‌ಪಿಎಂ. ಇದರಲ್ಲಿ ಅತಿ ಹೆಚ್ಚು ಕಲಿಸಿದ್ದು ಮೊದಲನೆಯದು. ಪೆಟ್ರೋಲ್ ಉಳಿಸುವುದಕ್ಕೂ ಕೂಲೆಂಟ್ ಬಿಸಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಪ್ರಿಯಸ್‌ನಲ್ಲಿ ಎಲ್ಲ ಸಂಬಂಧವೂ ಅಲ್ಲೇ ಇದೆ.

ತಣ್ಣಗಿರುವ ಕಾರು ಆನ್ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಶುರುವಾಗುತ್ತೆ. ಓಡಿಸೋಕೆ ಅಲ್ಲ, ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿ ಮಾಡೋಕೆ. ಅದು ಬಿಸಿಯಾಗದೆ ಹೊಗೆ ಶುದ್ಧವಾಗಲ್ಲ. ಹಾಗಾಗಿ ಕಿಡಿ ಕೊಡುವ ಸಮಯವನ್ನು ಕಂಪ್ಯೂಟರ್ ಬೇಕಂತಲೇ ತಡ ಮಾಡುತ್ತೆ. ಉರಿದ ಬಿಸಿ ಪಿಸ್ಟನ್ ತಳ್ಳುವ ಬದಲು ಹೊರಗೆ ಹೋಗುತ್ತೆ. ಮೀಟರ್‌ನಲ್ಲಿ ಇಗ್ನಿಷನ್ ಟೈಮಿಂಗ್ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತೆ. ಸುಮಾರು ಒಂದು ನಿಮಿಷ ಅಂಕಿ ಕೆಳಗೇ ಕೂತಿರುತ್ತೆ, ಆಮೇಲೆ ಒಮ್ಮೆಗೇ ಮೇಲೆ ಹಾರುತ್ತೆ. ಆ ಮೊದಲ ನಿಮಿಷದಲ್ಲಿ ಕಾರನ್ನು ಎಳೆಯುವುದು ಹೆಚ್ಚಾಗಿ ಬ್ಯಾಟರಿ. ಆಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಬ್ಯಾಟರಿಯೂ ಕರಗುತ್ತೆ, ಇನ್ನೂ ತಯಾರಾಗದ ಎಂಜಿನ್ ಮೇಲೂ ಹೊರೆ ಬೀಳುತ್ತೆ. ಈಗ ಮನೆಯಿಂದ ಮುಖ್ಯ ರಸ್ತೆಗೆ ಹೋಗುವವರೆಗೆ ಕಾಲು ಹಗುರವಾಗಿಯೇ ಇಡ್ತೀನಿ.

ಆಮೇಲೂ ಕೂಲೆಂಟ್ 70 ಡಿಗ್ರಿ ಹತ್ತಿರ ಬರುವವರೆಗೆ ಕಾರು ಪೂರ್ತಿ ಹೈಬ್ರಿಡ್ ಆಗಲ್ಲ. ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಗುಂಯ್ ಅನ್ನುತ್ತಲೇ ಇರುತ್ತೆ. ನನ್ನ 22 ಮತ್ತು 17ರ ಗುಟ್ಟು ಇದೇ ಆಗಿತ್ತು. 17 ಬಂದ ದಿನಗಳೆಲ್ಲ ತುಂಡು ತುಂಡು ಓಡಾಟದ ದಿನಗಳು. ಹೋಗು, ಎರಡು ಗಂಟೆ ನಿಲ್ಲಿಸು, ಬಾ. ಪ್ರತಿ ಸಲವೂ ತಣ್ಣಗಿನಿಂದ ಶುರು.

ಇದು ಎಷ್ಟು ದುಬಾರಿ ಅಂತ ಒಂದು ಲೆಕ್ಕ ಹಾಕೋಣ. 6 ಕಿ.ಮೀ. ದಾರಿ. ಮೊದಲ 2 ಕಿ.ಮೀ. ತಣ್ಣಗಿನ ಎಂಜಿನ್‌ನಲ್ಲಿ ಲೀಟರಿಗೆ 10ರಂತೆ, ಉಳಿದ 4 ಕಿ.ಮೀ. ಲೀಟರಿಗೆ 25ರಂತೆ ಓಡಿತು ಅಂದುಕೊಳ್ಳಿ. ಮೊದಲ ಭಾಗಕ್ಕೆ 200 ಮಿ.ಲೀ., ಎರಡನೆಯದಕ್ಕೆ 160 ಮಿ.ಲೀ. ಮೂರನೇ ಒಂದು ಭಾಗ ದಾರಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯಿತು. ಒಟ್ಟು ಮೈಲೇಜ್ 17ಕ್ಕಿಂತ ಕಡಿಮೆ. ಲೀಟರಿಗೆ ಇಷ್ಟು ಕಿ.ಮೀ. ಅನ್ನುವ ನಮ್ಮ ಲೆಕ್ಕದಲ್ಲಿ ಸರಾಸರಿ ಹೀಗೇ ಮೋಸ ಮಾಡುತ್ತೆ. ಸಮ ದೂರವನ್ನು 10 ಮತ್ತು 30ರಂತೆ ಓಡಿಸಿದರೆ ಸರಾಸರಿ 20 ಅಲ್ಲ, 15. 25 ಇರುವುದನ್ನು 30 ಮಾಡೋಕೆ ಬೆವರು ಸುರಿಸುವುದಕ್ಕಿಂತ 10 ಇರುವ ಹೊತ್ತನ್ನು ಕಡಿಮೆ ಮಾಡುವುದೇ ಮೇಲು.

ಹಾಗಾಗಿ ಡ್ರೈವಿಂಗ್ ಬದಲಿಸುವ ಮುಂಚೆ ಓಡಾಟದ ಕ್ರಮ ಬದಲಿಸಿದೆ. ಹೊರಗಿನ ಕೆಲಸಗಳನ್ನು ಒಟ್ಟಿಗೆ ಮಾಡ್ತೀನಿ. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ದೂರದ ಓಟಕ್ಕೆ ಎಂಜಿನ್ ಚೆನ್ನಾಗಿ ಕಾದಿರುತ್ತೆ. ಆಮೇಲೆ ಅಂಗಡಿ ಮುಂದೆ ಕಾಲು ಗಂಟೆ ನಿಲ್ಲಿಸಿ ಬಂದರೂ ಕೂಲೆಂಟ್ ಇನ್ನೂ ಬಿಸಿಯೇ ಇರುತ್ತೆ, ಎಂಜಿನ್ ಬೇಗ ನಿಲ್ಲುತ್ತೆ. ನಿಂತಲ್ಲೇ ಎಂಜಿನ್ ಕಾಯಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ದೂರ ಸೊನ್ನೆ, ಪೆಟ್ರೋಲ್ ಖರ್ಚು. ಮೆಲ್ಲಗೆ ಓಡಿಸುತ್ತಲೇ ಕಾಯಿಸುವುದು ಲಾಭ.

ಚಳಿಯಲ್ಲಿ ಇನ್ನೊಂದು ಆಟ ಇದೆ. ಹೀಟರ್ ಹಾಕಿದರೆ ಒಳಗಿನ ಬಿಸಿ ಬರುವುದು ಇದೇ ಕೂಲೆಂಟ್‌ನಿಂದ. ಅದು ತಣ್ಣಗಾಗುತ್ತೆ, ಬಿಸಿ ಮಾಡೋಕೆ ಎಂಜಿನ್ ಮತ್ತೆ ಶುರುವಾಗುತ್ತೆ. ಕೂಲೆಂಟ್ ಸ್ವಲ್ಪ ಏರಿದ ಮೇಲೆ ಹೀಟರ್ ಹಾಕಿದರೆ ಆಯ್ತು. ಮುಂದಿನ ಗ್ರಿಲ್‌ನ ಸಂದಿಗೆ ಫೋಮ್ ತುರುಕಿ ತಣ್ಣನೆ ಗಾಳಿ ತಡೆಯುವವರೂ ಇದ್ದಾರೆ. ಚಳಿ ಜಾಸ್ತಿ ಇರುವ ಕಡೆ ಕೆಲಸ ಮಾಡುತ್ತೆ. ಆದರೆ ಮೀಟರ್ ಇಲ್ಲದೆ ಆ ಸಾಹಸ ಬೇಡ. ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ತಕ್ಕ ಹಾಗೆ ಬದಲಿಸುವ ಇನ್ವರ್ಟರ್ ತಂಪಾಗುವುದೂ ಮುಂದಿನಿಂದ ಬರುವ ಗಾಳಿಯಿಂದಲೇ. ಬೇಸಿಗೆಗೆ ಮುಂಚೆ ಫೋಮ್ ತೆಗೆಯಲೇಬೇಕು.

ಈಗ ಬ್ಯಾಟರಿ ಕರೆಂಟ್ ಕಿಟಕಿ. ಇದನ್ನು ತರಿಸೋಕೆ ಕಂಪನಿಯ ಬೇರೆ ಕೋಡ್ ತುಂಬಿಸಬೇಕು. ಒಂದು ಅಕ್ಷರ ತಪ್ಪಾದರೂ ಅಂಕಿ ಬರಲ್ಲ, ಅಥವಾ ಅರ್ಥವಿಲ್ಲದ ಅಂಕಿ ಬರುತ್ತೆ. ಸರಿಯಾಗಿದೆಯೇ ಅಂತ ಪರೀಕ್ಷಿಸುವುದು ಸುಲಭ. ಬ್ರೇಕ್ ಒತ್ತಿದಾಗ ಕರೆಂಟ್ ಒಂದು ದಿಕ್ಕಿಗೆ, ಮೋಟರ್ ಎಳೆಯುವಾಗ ಇನ್ನೊಂದು ದಿಕ್ಕಿಗೆ ಹೋಗಬೇಕು. ನಿಂತಲ್ಲಿ ಎಸಿ ಆನ್ ಮಾಡಿದರೆ ಖರ್ಚಿನ ಕಡೆಗೆ ವಾಲಬೇಕು. ಈ ಕಾರಿನ ಎಸಿ ಕಂಪ್ರೆಸರ್‌ಗೆ ಬೆಲ್ಟ್ ಇಲ್ಲ, ಅದು ನೇರ ಹೈಬ್ರಿಡ್ ಬ್ಯಾಟರಿಯಿಂದ ಓಡುತ್ತೆ.

ಈ ಕಿಟಕಿಯ ನಿಜವಾದ ಉಪಯೋಗ ತೇಲುವುದಕ್ಕೆ. ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಕಾರು ತಾನಾಗಿ ಸ್ವಲ್ಪ ಬ್ರೇಕ್ ಹಿಡಿದು ಬ್ಯಾಟರಿ ಚಾರ್ಜ್ ಮಾಡುತ್ತೆ. ಒಳ್ಳೆಯದೇ ಅನ್ನಿಸುತ್ತೆ, ಆದರೆ ಮುಂದೆ ರಸ್ತೆ ಖಾಲಿ ಇದ್ದಾಗ ಆ ವೇಗವನ್ನು ಹಾಗೇ ಉಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಕಾಲು ತೆಗೆದು ಎಂಜಿನ್ ನಿಲ್ಲಿಸಿ, ಮತ್ತೆ ಕೂದಲೆಳೆಯಷ್ಟು ಒತ್ತಿದರೆ ಕರೆಂಟ್ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತೆ. ಚಾರ್ಜೂ ಇಲ್ಲ, ಖರ್ಚೂ ಇಲ್ಲ. ಕಾರು ಸುಮ್ನೆ ಉರುಳುತ್ತೆ. ಡ್ಯಾಶ್‌ಬೋರ್ಡ್ ಬಾಣಗಳಿಂದ ಈ ಜಾಗ ಹಿಡಿಯುವುದು ಕಷ್ಟ. ಆಂಪಿಯರ್ ನೋಡುತ್ತಾ ಕಾಲಿಗೆ ಬೇಗ ಅಭ್ಯಾಸವಾಯಿತು, ಈಗ ಅಂಕಿ ನೋಡಬೇಕಾಗಿಯೂ ಇಲ್ಲ. ಇದು ಸುಮಾರು 70 ಕಿ.ಮೀ. ವೇಗದ ಒಳಗೆ ಮಾತ್ರ. ಅದಕ್ಕಿಂತ ಮೇಲೆ ಎಂಜಿನ್ ತಿರುಗಲೇಬೇಕು, ಗೇರ್‌ಗಳ ಜೋಡಣೆ ಹಾಗಿದೆ. ಕೆಲವರು ತೇಲೋಕೆ ನ್ಯೂಟ್ರಲ್‌ಗೆ ಹಾಕುತ್ತಾರೆ. ಬೇಡ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗಲ್ಲ, ಬ್ರೇಕ್ ಒತ್ತಿದಾಗ ಸಿಗಬೇಕಾದ ಕರೆಂಟೂ ಸಿಗಲ್ಲ. ಹಿಂದೆ ವಾಹನಗಳಿರುವಾಗ ವೇಗ ಇಳಿಸಿಕೊಂಡು ತೇಲುತ್ತಾ ಹೋಗುವುದೂ ಬೇಡ. ಅದು ಬೇರೆಯವರ ತಾಳ್ಮೆಯ ಮೇಲೆ ಮಾಡುವ ಉಳಿತಾಯ.

ಬ್ರೇಕ್ ವಿಷಯದಲ್ಲೂ ಈ ಅಂಕಿ ಒಂದು ಪಾಠ ಹೇಳಿತು. ದೂರದಿಂದ ಮೆಲ್ಲಗೆ ಒತ್ತಿದರೆ ಕರೆಂಟ್ ಬಹಳ ಹೊತ್ತು ಬರುತ್ತೆ. ಜೋರಾಗಿ ಒತ್ತಿದರೆ ಒಂದು ಮಿತಿಗೆ ಮುಟ್ಟಿ ನಿಂತುಬಿಡುತ್ತೆ. ಅದಕ್ಕಿಂತ ಮೇಲಿನದ್ದು ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗುತ್ತೆ.

ಆರ್‌ಪಿಎಂ ಬಗ್ಗೆ ಹೆಚ್ಚು ಹೇಳೋದಿಲ್ಲ. ಈ ಕಾರಿನಲ್ಲಿ ಗೇರ್ ಆಯ್ಕೆ ನಮ್ಮ ಕೈಯಲ್ಲಿಲ್ಲ. ನಾವು ಪೆಡಲ್‌ನಲ್ಲಿ ಎಷ್ಟು ಶಕ್ತಿ ಕೇಳುತ್ತೇವೋ ಅದಕ್ಕೆ ತಕ್ಕ ಆರ್‌ಪಿಎಂ ಕಾರೇ ಆರಿಸಿಕೊಳ್ಳುತ್ತೆ. ಇದನ್ನು ನೋಡಿ ಕಲಿತದ್ದು ಒಂದೇ: ವೇಗ ಏರಿಸುವಾಗ ತೀರಾ ಆಮೆ ಹಾಗೆ ಹೋಗುವುದು ಬೇಡ. ತೀರಾ ಕಡಿಮೆ ಹೊರೆಯಲ್ಲಿ ಎಂಜಿನ್ ದಕ್ಷವಾಗಿ ಓಡಲ್ಲ. ಹದವಾಗಿ ಒತ್ತಿ, ಬೇಕಾದ ವೇಗ ಮುಟ್ಟಿ, ಆಮೇಲೆ ತೇಲುವುದು ಲಾಭ.

ಹೆದ್ದಾರಿಯಲ್ಲಿ ಮಾತ್ರ ಯಾವ ಚಮತ್ಕಾರವೂ ನಡೆಯಲ್ಲ. ಅಲ್ಲಿ ಗಾಳಿಯ ಅಡ್ಡಿಯದ್ದೇ ರಾಜ್ಯ. 80ರಿಂದ 100ಕ್ಕೆ ಏರಿದರೆ ಗಾಳಿ ತಳ್ಳುವ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ, ಗಾಳಿಗೇ ಬೇಕಾಗುವ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಗಂಟೆಗೆ ಲೀಟರ್ ಕಿಟಕಿ ಇದನ್ನು ನಿಷ್ಠುರವಾಗಿ ತೋರಿಸುತ್ತೆ. ನಾನು 85ರ ಆಸುಪಾಸಿನಲ್ಲಿ ನಿಂತಿದ್ದೇನೆ. ಟೈರ್ ಗಾಳಿ ಬಾಗಿಲ ಅಂಚಿನ ಚೀಟಿಯಲ್ಲಿರುವಷ್ಟು, ಟೈರ್ ತಣ್ಣಗಿರುವಾಗ ನೋಡಿ ಹಾಕಿಸಿದ್ದು. ಇವೆರಡಕ್ಕೂ ಮೀಟರ್ ಬೇಕಿಲ್ಲ, ಗೊತ್ತು.

ಹುಡುಕದೆ ಸಿಕ್ಕ ಒಂದು ಲಾಭ ಹೇಳಲೇಬೇಕು. ಒಮ್ಮೆ ಆರ್‌ಪಿಎಂ ಬದಲು ಬ್ಯಾಟರಿಯ ಬಿಸಿ ಇಟ್ಟು ನೋಡಿದೆ. ಬಿಸಿಲಿನ ದಿನ ಅಂದುಕೊಂಡದ್ದಕ್ಕಿಂತ ಜಾಸ್ತಿ ಏರುತ್ತಿತ್ತು. ಈ ಬ್ಯಾಟರಿ 28 ಮಾಡ್ಯೂಲ್‌ಗಳ, 201.6 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್. ತಂಪಾಗುವುದು ಕಾರಿನ ಒಳಗಿನ ಗಾಳಿಯಿಂದ. ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇದೆ, ಅದರ ಹಿಂದೆ ಫ್ಯಾನ್. ಜಾಲರಿ ತೆಗೆದು ನೋಡಿದರೆ ಧೂಳು, ಕೂದಲು, ಸೀಟಿನ ನೂಲು ಎಲ್ಲ ಸೇರಿ ಕಂಬಳಿಯಾಗಿತ್ತು. ಕಾರು ಆಫ್ ಮಾಡಿ ಜಾಲರಿ, ಕೈಗೆ ಎಟುಕುವ ಕೊಳವೆ ಎರಡನ್ನೂ ವ್ಯಾಕ್ಯೂಮ್ ಮಾಡಿದೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅಲ್ಲಿಗೇ ಕೈ ನಿಲ್ಲಿಸಬೇಕು, ಅದು ಹೈ ವೋಲ್ಟೇಜ್. ಆಮೇಲೆ ಅಂಥದ್ದೇ ಬಿಸಿಲಿನಲ್ಲಿ ಬ್ಯಾಟರಿ ಬಿಸಿ ಮೊದಲಿನಷ್ಟು ಏರಲಿಲ್ಲ. ಬ್ಯಾಟರಿ ತೀರಾ ಬಿಸಿಯಾದರೆ ಕಂಪ್ಯೂಟರ್ ಅದರ ಬಳಕೆ ಕಡಿಮೆ ಮಾಡುತ್ತೆ, ಆಗ ಆ ಹೊರೆ ಎಂಜಿನ್‌ಗೆ. ಹಿಂದಿನ ಸೀಟಿನಲ್ಲಿ ಆ ಜಾಲರಿಗೆ ಅಡ್ಡ ಬ್ಯಾಗ್ ಇಡಬೇಡಿ.

ಒಟ್ಟು ಫಲ? ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಿದರೆ ಮೊದಲು ಲೀಟರಿಗೆ 19-20 ಬರುತ್ತಿತ್ತು. ಈಗ 22-23. ಇದರಲ್ಲಿ ದೊಡ್ಡ ಪಾಲು ತಣ್ಣಗಿನ ಓಟ ಕಡಿಮೆ ಮಾಡಿದ್ದಕ್ಕೆ, ಎರಡನೇ ಪಾಲು ತೇಲುವುದಕ್ಕೆ ಅಂತ ನನ್ನ ಅಂದಾಜು. ಹವೆ, ದಾರಿ, ಟ್ರಾಫಿಕ್ ಎಲ್ಲ ಸೇರಿಕೊಂಡಿರುವುದರಿಂದ ಬೇರೆ ಬೇರೆ ಮಾಡಿ ಹೇಳೋಕೆ ಆಗಲ್ಲ. ದಿನಾ ಉದ್ದಕ್ಕೆ ಹೆದ್ದಾರಿಯಲ್ಲೇ ಓಡುವವರಿಗೆ ಇಷ್ಟು ಸಿಗಲಿಕ್ಕಿಲ್ಲ. ಅವರಿಗೆ ಈ ಮೀಟರ್ ಕೊಳ್ಳಿ ಅಂತ ನಾನು ಹೇಳಲ್ಲ.

ಎರಡು ಎಚ್ಚರಿಕೆ. ಇಂಥ ಮೀಟರ್‌ನಲ್ಲಿ ಎಂಜಿನ್ ಎಚ್ಚರಿಕೆ ಕೋಡ್ ಅಳಿಸುವ ಸೌಲಭ್ಯವೂ ಇರುತ್ತೆ. ದೀಪ ಹೊತ್ತಿದರೆ ಮೊದಲು ಕೋಡ್ ಬರೆದಿಟ್ಟುಕೊಳ್ಳಿ. ಅಳಿಸಿದರೆ ಕಾರಿನ ಸ್ವಯಂ ಪರೀಕ್ಷೆಗಳ ದಾಖಲೆಯೂ ಹೋಗುತ್ತೆ, ಅವು ಮತ್ತೆ ಪೂರ್ತಿಯಾಗಲು ಒಂದಿಷ್ಟು ಓಡಿಸಬೇಕು.

ಇನ್ನೊಂದು, ಒಬಿಡಿ ಸಾಕೆಟ್‌ನ 16ನೇ ಪಿನ್‌ಗೆ ಸದಾ ಕರೆಂಟ್ ಇರುತ್ತೆ, ಕಾರು ಆಫ್ ಆಗಿದ್ದರೂ. ಅದು ಬರುವುದು ಹೈಬ್ರಿಡ್ ಬ್ಯಾಟರಿಯಿಂದ ಅಲ್ಲ, ಡಿಕ್ಕಿಯ ಮೂಲೆಯಲ್ಲಿರುವ ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ಅದು ಇಳಿದರೆ ದೊಡ್ಡ ಬ್ಯಾಟರಿ ಎಷ್ಟೇ ತುಂಬಿದ್ದರೂ ಕಾರು ರೆಡಿ ಆಗಲ್ಲ. ಮಲಗಿದ ಮೀಟರ್ ತಿನ್ನುವುದು ತೀರಾ ಕಡಿಮೆ, ದಿನಾ ಓಡಿಸುವವರಿಗೆ ಲೆಕ್ಕಕ್ಕಿಲ್ಲ. ಕೆಲವು ಅಗ್ಗದ ಡಾಂಗಲ್‌ಗಳು ಮಾತ್ರ ಮಲಗುವುದೇ ಇಲ್ಲ. ಕಾರು ವಾರಗಟ್ಟಲೆ ನಿಲ್ಲುತ್ತೆ ಅಂದರೆ ನಾನು ಕೇಬಲ್ ಕಿತ್ತು ಗ್ಲೋವ್ ಬಾಕ್ಸ್‌ನಲ್ಲಿಟ್ಟು ಹೋಗ್ತೀನಿ. ಮತ್ತೆ ಚುಚ್ಚಿದಾಗ ಸೆಟ್ಟಿಂಗ್ ಎಲ್ಲ ಹಾಗೇ ಇರುತ್ತೆ.